ಅಕ್ಷರಗಳ ಮಳೆ



ಪುಸ್ತಕದ ಅಕ್ಷರ ಅಚ್ಚಾದ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಅಕ್ಷರಗಳೇ ಹನಿಗಳಂತೆ ಮೇಲಿನಿಂದ ಸುರಿದು, ನೀವು ಚಾಚಿದ ತೋಳಿನ ಮೇಲೆ ನಿಂತರೆ ಹೇಗಿರುತ್ತದೆ? ಕೆಮಿಲ್ ಅಟರ್‌ಬ್ಯಾಕ್ ಮತ್ತು ರೋಮಿ ಅಖಿತೂವ್ ಎಂಬ ಇಬ್ಬರು ಕಲಾವಿದರು 1999ರಲ್ಲಿ ಇಂಥದೊಂದು ಕೃತಿಯನ್ನು ರಚಿಸಿದರು. ಹೆಸರು ‘ಟೆಕ್ಸ್ಟ್ ರೇನ್’, ಅಂದರೆ ಪಠ್ಯದ ಮಳೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದಲ್ಲಿ ಈ ಕೃತಿ ಸೇರಿದೆ.

ಅದರ ಏರ್ಪಾಟು ಸರಳವಾದುದು. ನೀವು ದೊಡ್ಡ ಪರದೆಯೊಂದರ ಎದುರು ನಿಲ್ಲುತ್ತೀರಿ. ಕ್ಯಾಮೆರಾ ನಿಮ್ಮನ್ನು ಸೆರೆಹಿಡಿಯುತ್ತದೆ. ನಿಮ್ಮ ಕಪ್ಪು-ಬಿಳುಪು ಬಿಂಬ, ಕನ್ನಡಿಯಲ್ಲಿ ಕಂಡಂತೆ, ಪರದೆಯ ಮೇಲೆ ಮೂಡುತ್ತದೆ. ಅದರ ಮೇಲೆ ಬಣ್ಣದ ಅಕ್ಷರಗಳು ಉದುರತೊಡಗುತ್ತವೆ. ತೋಳು ಚಾಚಿದರೆ ಅಲ್ಲಿ ನಿಲ್ಲುತ್ತವೆ. ಎತ್ತಿದರೆ ಜೊತೆಗೇ ಮೇಲೇರುತ್ತವೆ. ತೆಗೆದರೆ ಮತ್ತೆ ಬೀಳುತ್ತವೆ.

ಇದು ಹೇಗೆ ಸಾಧ್ಯ? ಈ ಅಕ್ಷರಗಳಿಗೆ ತೂಕವಿಲ್ಲ, ಅವುಗಳನ್ನು ಗುರುತ್ವ ಸೆಳೆಯುವುದೂ ಇಲ್ಲ. ಕಂಪ್ಯೂಟರಿನ ಪಾಲಿಗೆ ನಿಮ್ಮ ಬಿಂಬವೆಂದರೆ ಸಾವಿರಾರು ಚುಕ್ಕೆಗಳು. ಪ್ರತಿ ಚುಕ್ಕೆಯ ಹೊಳಪಿಗೂ ಒಂದು ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಪೂರ್ಣ ಕಪ್ಪಿಗೆ 0, ಪೂರ್ಣ ಬಿಳುಪಿಗೆ 255. ಇವೆರಡರ ನಡುವೆ ಎಲ್ಲೋ ಒಂದು ಗಡಿಯನ್ನು ಗೊತ್ತುಮಾಡಿರುತ್ತಾರೆ. ಅಕ್ಷರದ ಕೆಳಗಿನ ಚುಕ್ಕೆ ಆ ಗಡಿಗಿಂತ ಕಪ್ಪಾಗಿದ್ದರೆ ಅದು ನಿಲ್ಲಬೇಕು, ಬೆಳ್ಳಗಿದ್ದರೆ ಬೀಳಬೇಕು. ಇಷ್ಟೇ ನಿಯಮ. ಅದು ಕೈಯೋ ಕೊಡೆಯೋ ಎಂಬುದು ಯಂತ್ರಕ್ಕೆ ತಿಳಿಯದು.

ಪ್ರದರ್ಶನವನ್ನು ಸಜ್ಜುಗೊಳಿಸುವವರ ಕೆಲಸವೂ ಈ ನಿಯಮದಿಂದಲೇ ಹುಟ್ಟುತ್ತದೆ. ಹಿಂದಿನ ಗೋಡೆ ಬೆಳ್ಳಗಿರಬೇಕು, ಬೆಳಕು ಎಲ್ಲೆಡೆ ಸಮನಾಗಿರಬೇಕು. ಗೋಡೆಯ ಮೇಲೆ ದಟ್ಟ ನೆರಳು ಬಿದ್ದರೆ ಅಕ್ಷರಗಳು ನೆರಳಿನ ಮೇಲೂ ಕೂರುತ್ತವೆ. ಅಚ್ಚ ಬಿಳಿಯ ತುಂಬುತೋಳಿನ ಅಂಗಿ ತೊಟ್ಟವರ ತೋಳಿನ ಮೂಲಕ ಅವು ಹಾಗೆಯೇ ಕೆಳಗಿಳಿದುಬಿಡಬಹುದು.

ಸುರಿಯುವ ಅಕ್ಷರಗಳು ಎವನ್ ಜಿಮ್ರೋತ್ ಅವರ ಕವಿತೆಯೊಂದರ ಸಾಲುಗಳಿಗೆ ಸೇರಿದವು. ಸಾಕಷ್ಟು ಅಕ್ಷರಗಳನ್ನು ಹಿಡಿದರೆ ಒಂದು ಪದ ಸಿಗುತ್ತದೆ. ಪಕ್ಕದವರೂ ತೋಳು ಸೇರಿಸಿದರೆ ಸಾಲು ಸಿಗಬಹುದು. ಇಲ್ಲಿ ಮೋಡದ ಚಿತ್ರವಿಲ್ಲ, ಗುಡುಗಿನ ಸದ್ದಿಲ್ಲ. ಹನಿ ಬೀಳುತ್ತದೆ, ತಡೆ ಸಿಕ್ಕರೆ ನಿಲ್ಲುತ್ತದೆ ಎಂಬ ಒಂದೇ ನಡವಳಿಕೆಯನ್ನು ಕಲಾವಿದರು ಮಳೆಯಿಂದ ಪಡೆದರು. ಓದು ಮೈಯ ಕೆಲಸವಾಯಿತು.

ಇದನ್ನೇ ಕನ್ನಡದಲ್ಲಿ ಮಾಡಹೊರಟರೆ? ಇಂಗ್ಲಿಷಿನಲ್ಲಿ ಒಂದು ಅಕ್ಷರ ಒಂದು ಹನಿ. ನಮ್ಮ ‘ಸ್ತ್ರೀ’ ಎಷ್ಟು ಹನಿ? ಯೂನಿಕೋಡಿನಲ್ಲಿ ಅದು ಆರು ಸಂಕೇತಗಳು. ಆರನ್ನೂ ಬಿಡಿಯಾಗಿ ಸುರಿಸಿದರೆ ಯಾರೂ ಓದಲಾರರು. ಇಡಿಯಾಗಿ ಸುರಿಸಿದರೆ ಇನ್ನೊಂದು ತೊಡಕು. ಮೂಲಾಕ್ಷರದ ಬುಡ ತಾಗಿದೊಡನೆ ನಿಲ್ಲಿಸಿದರೆ ಒತ್ತುಗಳು ತೋಳಿನ ಕಪ್ಪಿನಲ್ಲಿ ಹುದುಗಿಹೋದಾವು. ಒತ್ತು ತಾಗಿದೊಡನೆ ನಿಲ್ಲಿಸಿದರೆ, ಒತ್ತಿಲ್ಲದ ನೆರೆಯ ಅಕ್ಷರಕ್ಕಿಂತ ಅದು ಮೇಲೆ ನಿಂತು ಸಾಲು ಏರುಪೇರಾಗುತ್ತದೆ.

ಇದಕ್ಕೆ ಉತ್ತರ ಹುಡುಕಲು ಕಂಪ್ಯೂಟರ್ ಜ್ಞಾನದ ಜೊತೆಗೆ ಕನ್ನಡ ಓದುವ ಕಣ್ಣೂ ಬೇಕು. ರಟ್ಟಿನಲ್ಲಿ ‘ಅಕ್ಷರ’ ಎಂಬ ಪದ ಬರೆದು, ಕತ್ತರಿಸಿ ನೋಡಿ. ಕತ್ತರಿ ಎಲ್ಲಿ ಆಡಬೇಕೆಂದು ನಿಮಗೇ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಯಂತ್ರಕ್ಕೆ ನಿಯಮವಾಗಿ ಬರೆದುಕೊಡುವುದು ಹೇಗೆ? ನಿಮ್ಮ ಮುಂದಿನ ವಿಜ್ಞಾನ ಪ್ರದರ್ಶನಕ್ಕೆ ಇದೇ ವಿಷಯವಾಗಲಿ.