ಮಾರ್ಟಿನ್ಸ್‌ವಿಲ್ ಗೆದ್ದ ಹೊಸಬ

1974ರ ಸೆಪ್ಟೆಂಬರ್ 29, ಭಾನುವಾರ. ಅಮೆರಿಕದ ವರ್ಜೀನಿಯಾ ರಾಜ್ಯದ ಮಾರ್ಟಿನ್ಸ್‌ವಿಲ್. ಅಲ್ಲಿನ ಕಾರ್ ರೇಸ್ ಟ್ರ್ಯಾಕ್‌ನ ಒಂದು ಸುತ್ತು ಒಂದು ಕಿಲೋಮೀಟರೂ ಇಲ್ಲ. ಅಂಥ 500 ಸುತ್ತು ಹಾಕಬೇಕು. ತಿರುವು ಬಂದಾಗಲೆಲ್ಲ ಬ್ರೇಕ್ ಒತ್ತಬೇಕು, ದಾಟಿದೊಡನೆ ಮತ್ತೆ ವೇಗ ಹಿಡಿಯಬೇಕು. ಬ್ರೇಕು, ಎಂಜಿನ್ನು ಎರಡನ್ನೂ ಹಿಂಡಿ ಹಿಪ್ಪೆ ಮಾಡುವ ಜಾಗ ಅದು.

ಆ ದಿನ ಹೆಸರಾಂತ ಚಾಲಕ ಕೇಲ್ ಯಾರ್ಬರೋ ಅವರ ಎಂಜಿನ್ ಕೈಕೊಟ್ಟಿತು. ಅವರದೇ ತಂಡದ ಹೊಸಬ ಅರ್ಲ್ ರಾಸ್ ಗೆದ್ದರು. ಅಲ್ಲಿ ಗೆದ್ದವರಿಗೆ ಆಳೆತ್ತರದ ಗಡಿಯಾರ ಕೊಡುವುದು ವಾಡಿಕೆ.

ರಾಸ್ ಹುಟ್ಟಿದ್ದು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ, ಪಳಗಿದ್ದು ಒಂಟಾರಿಯೋದಲ್ಲಿ. ಆ ವರ್ಷ ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನ ಅಗ್ರ ಸರಣಿಯ 30 ರೇಸ್‌ಗಳಲ್ಲಿ 29ನ್ನು ರಿಚರ್ಡ್ ಪೆಟ್ಟಿ, ಯಾರ್ಬರೋ, ಡೇವಿಡ್ ಪಿಯರ್ಸನ್, ಬಾಬಿ ಆಲಿಸನ್ ಎಂಬ ಘಟಾನುಘಟಿಗಳೇ ಹಂಚಿಕೊಂಡರು. ಉಳಿದ ಒಂದು ರಾಸ್ ಪಾಲಾಯಿತು. ವರ್ಷದ ಶ್ರೇಷ್ಠ ಹೊಸ ಚಾಲಕ ಪ್ರಶಸ್ತಿಯೂ ಅವರಿಗೇ ಬಂತು.

ಆದರೂ ಅದೃಷ್ಟ ನಿಲ್ಲಲಿಲ್ಲ. ಋತು ಮುಗಿಯುತ್ತಲೇ ಪ್ರಾಯೋಜಕ ಬಿಯರ್ ಕಂಪನಿ ಹಿಂದೆ ಸರಿಯಿತು. ದುಡ್ಡಿನ ಜೊತೆಗೆ ಕಾರೂ ಹೋಯಿತು. ಆ ಸರಣಿಯಲ್ಲಿ ಅವರು ಓಡಿಸಿದ್ದು ಒಟ್ಟು 26 ರೇಸ್. ಆಮೇಲೆ ಒಂಟಾರಿಯೋದ ಟ್ರ್ಯಾಕ್‌ಗಳಿಗೇ ಮರಳಿದರು.

ಕೆನಡಾದ ಇನ್ನೊಬ್ಬ ಚಾಲಕ ರಾನ್ ಫೆಲೋಸ್ 1999 ಮತ್ತು 2004ರಲ್ಲಿ ಅದೇ ಸರಣಿಯ ವಾಟ್ಕಿನ್ಸ್ ಗ್ಲೆನ್ ರೇಸ್‌ನಲ್ಲಿ ಗೆಲುವಿನ ಹೊಸ್ತಿಲವರೆಗೆ ಬಂದು ಎರಡನೆಯವರಾದರು. 2014ರಲ್ಲಿ ರಾಸ್ ತೀರಿಕೊಂಡಾಗಲೂ ಆ ಸರಣಿಯ ರೇಸ್ ಗೆದ್ದ ಕೆನಡಾದ ಚಾಲಕ ಅವರೊಬ್ಬರೇ ಆಗಿದ್ದರು.