ಮಾರಿದ ಲಾಭ, ಗಳಿಸಿದ ಲಾಭ



1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ, ಧಾರವಾಡದಲ್ಲಿ ಮಲಪ್ರಭಾ ಎಂಬ ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಅವು ನೆರೆಹೊರೆಯ ಬ್ಯಾಂಕುಗಳೊಡನೆ ಕೂಡುತ್ತ, ಹೆಸರು ಬದಲಿಸುತ್ತ ಬಂದು, 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕೆಂಬ ಒಂದೇ ಸಂಸ್ಥೆಯಾದವು. ಪ್ರಧಾನ ಕಚೇರಿಯು ಬಳ್ಳಾರಿಗೆ ಸಂದಿತು. 1953ರ ವರೆಗೆ ಮದ್ರಾಸಿಗೆ ಸೇರಿದ್ದ ಊರೂ 1956ರ ವರೆಗೆ ಮುಂಬಯಿಗೆ ಸೇರಿದ್ದ ಊರೂ ಇಂದು ಒಂದೇ ಖಾತೆಪುಸ್ತಕದಲ್ಲಿ ಕೂಡಿರುವುದು ಏಕೀಕರಣವಾದಿಗಳಾದ ನಮಗೆ ಹರ್ಷದ ಸಂಗತಿಯೇ ಸರಿ. ಇಂಥ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರಕ್ಕೆ ನೂರಕ್ಕೆ 50, ಪ್ರಾಯೋಜಕ ಬ್ಯಾಂಕಿಗೆ 35, ರಾಜ್ಯಕ್ಕೆ 15 ಎಂದು 1976ರ ಶಾಸನವು ಹಂಚಿತು. ಆ ಹದಿನೈದು ಕನ್ನಡಿಗರದು. ಪಾಲುಗಾರನಾದವನು ಲೆಕ್ಕವನ್ನು ಓದಬಲ್ಲವನೂ ಆಗಬೇಡವೇ?

ಬ್ಯಾಂಕಿನ ಲಾಭವೆಂದೊಡನೆ ನಾವೆಲ್ಲರೂ ಬಡ್ಡಿಯನ್ನೇ ನೆನೆಯುತ್ತೇವೆ. ಆದರೆ ಲಾಭ-ನಷ್ಟದ ಪತ್ರಕ್ಕೆ ಜೋಡಿಸಿದ 14ನೆಯ ಅನುಸೂಚಿಯನ್ನು ತೆರೆದು ನೋಡಿರಿ. ‘ಇತರ ಆದಾಯ’ವೆಂಬ ತಲೆಬರಹದ ಕೆಳಗೆ ಸಾಲಪತ್ರಗಳನ್ನು ಮಾರಿದ ಲಾಭವೂ, ಭೂಮಿ ಕಟ್ಟಡಗಳನ್ನು ಮಾರಿದ ಲಾಭವೂ ಬೇರೆ ಬೇರೆಯಾಗಿ, ಅವುಗಳ ನಷ್ಟವನ್ನು ಕಳೆದು, ನಮೂದಾಗಿರುತ್ತವೆ.

ಸಾಲಪತ್ರದ ಮಾತನ್ನು ಒಂದು ಉದಾಹರಣೆಯಿಂದ ತಿಳಿಯೋಣ. ವರ್ಷಕ್ಕೆ 7 ರೂಪಾಯಿ ಬಡ್ಡಿ ಬರುವ, ಹತ್ತು ವರ್ಷದ ವಾಯಿದೆಯ ಸರಕಾರಿ ಪತ್ರವನ್ನು ಬ್ಯಾಂಕು 100 ರೂಪಾಯಿಗೆ ಕೊಂಡಿತೆನ್ನಿರಿ. ಮರುದಿನವೇ ಪೇಟೆಯ ಬಡ್ಡಿ ನೂರಕ್ಕೆ 6ಕ್ಕೆ ಇಳಿದರೆ ಆ ಪತ್ರಕ್ಕೆ ಸುಮಾರು 107 ರೂಪಾಯಿ ಬರುವುದು. 8ಕ್ಕೆ ಏರಿದರೆ 93 ಬಂದರೆ ಹೆಚ್ಚು. ಬ್ಯಾಂಕಿನ ಜಾಣತನವೇನೂ ಬೇಕಿಲ್ಲ, ಪೇಟೆಯ ಗಾಳಿಯೇ ಸಾಕು. ಇನ್ನು, ಏರಿದ ಪತ್ರಗಳನ್ನು ಮಾರಿ ಲಾಭ ತೋರಿಸಿ, ಇಳಿದವುಗಳನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡರೆ ಆ ವರ್ಷದ ಪತ್ರವು ಬಹು ಸುಂದರವಾಗಿ ಕಾಣುವುದು! ಮಾರಿದ ಪತ್ರದ ಬಡ್ಡಿಯಾದರೋ ಮುಂದಿನ ವರ್ಷದಿಂದ ಬರುವುದಿಲ್ಲ. ಹೊಲವನ್ನು ಮಾರಿದ ದುಡ್ಡನ್ನು ಸುಗ್ಗಿಯ ಲೆಕ್ಕಕ್ಕೆ ಬರೆದುಕೊಂಡ ಒಕ್ಕಲಿಗನನ್ನು ನಾವು ಏನೆಂದು ಕರೆಯುತ್ತೇವೆ?

ಹಾಗೆಂದು ಮಾರಾಟವೆಲ್ಲವೂ ದೋಷವೆಂದು ನಾವು ಹೇಳುವವರಲ್ಲ. ಸಾಲಕ್ಕೆ ಬಂದ ಮನೆ ಮಾರುಗಳನ್ನು ಬ್ಯಾಂಕು ಕಟ್ಟಿಕೊಂಡು ಕೂಡಬಾರದೆಂದೇ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 9ನೆಯ ಕಲಮು ಇದೆ. ಸ್ವಂತ ಉಪಯೋಗಕ್ಕೆ ಬೇಡವಾದ ಸ್ಥಿರಾಸ್ತಿಯನ್ನು ಏಳು ವರ್ಷಕ್ಕೆ ಮೀರಿ ಇಟ್ಟುಕೊಳ್ಳಕೂಡದು. ಠೇವಣಿದಾರರ ಹಿತಕ್ಕಾಗಿ ರಿಸರ್ವ್ ಬ್ಯಾಂಕು ಇನ್ನೈದು ವರ್ಷ ಕೊಡಬಹುದು, ಅಷ್ಟೆ. ನಷ್ಟಕ್ಕೆ ಹೆದರಿ ಮಾರಾಟವನ್ನು ಮುಂದೂಡುವ ಬ್ಯಾಂಕು ಆ ನಷ್ಟವನ್ನು ಬೆಳೆಸುತ್ತದೆಂಬುದು ವಕೀಲರಾದ ನಮಗೆ ದಿನದ ಅನುಭವ.

ಇನ್ನು ನಮ್ಮ ಒಗ್ಗೂಡಿದ ಬ್ಯಾಂಕಿನ ಮಾತು. ಎರಡು ಪ್ರಧಾನ ಕಚೇರಿಗಳಿದ್ದಲ್ಲಿ ಇಂದು ಒಂದು ಸಾಕು. ಎಲ್ಲಿಯಾದರೂ ಹಳೆಯ ಕಟ್ಟಡವೊಂದು ನಿರುಪಯೋಗವಾಗಿ ಮಾರಾಟಕ್ಕೆ ಬಂದಿತೆನ್ನಿರಿ. ಪುಸ್ತಕದಲ್ಲಿ ಅದರ ಬೆಲೆಯು ಸವಕಳಿ ಕಳೆದು ಅಲ್ಪವಾಗಿರುವುದು, ಪೇಟೆಯಲ್ಲಿ ಹಲವು ಪಟ್ಟು ಬರುವುದು. ದಶಕಗಳಲ್ಲಿ ಏರಿದ ಭೂಮಿಯ ಬೆಲೆ ಒಂದೇ ವರ್ಷದ ಲಾಭವಾಗಿ ಮೆರೆಯುವುದು. ಆ ಹಣವು ರೈತನ ಸಾಲಕ್ಕೆ ಮೂಲಧನವಾಗುವುದೋ, ಹಳೆಯ ವಸೂಲಾಗದ ಬಾಕಿಯ ತೂತನ್ನು ಮುಚ್ಚುವುದೋ? ಪ್ರತಿವರ್ಷ ಬ್ಯಾಂಕಿನ ವರದಿ ಹೊರಟೊಡನೆ 14ನೆಯ ಅನುಸೂಚಿಯ ಪ್ರತಿಯೊಂದನ್ನು ನಿಮ್ಮ ವಾಚನಾಲಯದಲ್ಲಿ ಇರಿಸಿ, ಹಿಂದಿನ ವರ್ಷದ ಅಂಕಿಯ ಮಗ್ಗುಲಲ್ಲಿಟ್ಟು ಓದಿರಿ. ಅಂತರ ಹೆಚ್ಚಿದ್ದರೆ ಏನನ್ನು ಮಾರಿದರೆಂದು ಮೊದಲು ನಿಮ್ಮ ಶಾಸಕರನ್ನೇ ಕೇಳಿರಿ. ಆ ಹದಿನೈದರ ಪರವಾಗಿ ಉತ್ತರ ಕೊಡತಕ್ಕದ್ದು ರಾಜ್ಯ ಸರಕಾರ.