ಗಾಳಿಮಳೆಗೆ ಮನೆಯೂ ಕೇರಿಯೂ ಸಿದ್ಧವಾಗಲಿ

(ದಾವಣಗೆರೆಯ ಕಾರ್ಮಿಕರ ಕೇರಿಯೊಂದರ ಸಭೆಯಲ್ಲಿ ಮಾಡಿದ ಭಾಷಣ)



ಭರಣಿ, ಕೃತ್ತಿಕೆ ಮಳೆಗಳು ಹೊಲದವರಿಗೆ ಸಂತೋಷ ತರುತ್ತವೆ. ತಗಡಿನ ಸೂರಿನಡಿ ಬಾಳುವ ನಮಗೆ ಅವು ಮೊದಲು ತರುವುದು ಭಯವನ್ನು. ಹಗಲೆಲ್ಲ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಮಳೆ ಸುರಿಯತೊಡಗಿದೊಡನೆ ಮೋಡದೊಳಗಿನ ತಣ್ಣನೆಯ ಗಾಳಿ ಕೆಳಕ್ಕೆ ಧುಮುಕುತ್ತದೆ. ಆದುದರಿಂದಲೇ ಬೇಸಿಗೆಯ ಬಿರುಗಾಳಿ ಹೆಚ್ಚಾಗಿ ಏಳುವುದು ಹೊತ್ತು ಇಳಿದ ಮೇಲೆ, ಪಾಳಿ ಮುಗಿಸಿ ನಾವು ದಾರಿಯಲ್ಲಿರುವಾಗ. ಇದು ದೈವದ ಕೋಪವಲ್ಲ. ಬರುವ ಕಾಲವನ್ನು ತಿಳಿದೂ ಸಿದ್ಧರಾಗದಿದ್ದರೆ ತಪ್ಪು ನಮ್ಮದೇ.

ಮೊದಲು ಸೂರು. ತಗಡಿನ ಮೇಲೆ ಕಲ್ಲು ಹೇರಿ ನೆಮ್ಮದಿಯಿಂದ ಮಲಗುವವರು ನಮ್ಮಲ್ಲಿ ಬಹಳ ಮಂದಿ. ಗಾಳಿ ಅಂಚಿನಡಿ ಹೊಕ್ಕು ತಗಡನ್ನು ಮೇಲೆತ್ತುತ್ತದೆ. ಆಗ ಆ ಕಲ್ಲೇ ಮಲಗಿದ ಮಗುವಿನ ಮೇಲೆ ಬೀಳುತ್ತದೆ. ತಗಡನ್ನು ಅಡ್ಡತೊಲೆಗೆ ಕೊಕ್ಕೆ ಬೋಲ್ಟಿನಿಂದ ಬಿಗಿಯಬೇಕು. ಅಂಚಿನಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಲಿ.

ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನಲ್ಲಿ ಒಣಗುತ್ತದೆ. ಮೋಡ ಕಂಡೊಡನೆ ಕೊಡಗಳನ್ನು ತುಂಬಿಡಿ, ಮೊಬೈಲು, ಬ್ಯಾಟರಿ ಚಾರ್ಜು ಮಾಡಿಡಿ. ರೇಷನ್ ಕಾರ್ಡು, ಹಕ್ಕುಪತ್ರ, ಅಂಗಡಿಯ ಉದ್ದರಿ ಪುಸ್ತಕ ಪ್ಲಾಸ್ಟಿಕ್ ಚೀಲದೊಳಗಿರಲಿ. ಗುಡುಗು ಕೇಳಿದ ಮೇಲೆ ತಳ್ಳುಗಾಡಿಯವರು ಹುಣಿಸೆಮರದಡಿ ನಿಲ್ಲಬಾರದು. ಕೊನೆಯ ಗುಡುಗಿನ ಅನಂತರ ಅರ್ಧ ಗಂಟೆ ಒಳಗಿರುವುದೇ ಕ್ಷೇಮ.

ಹರಿದುಬಿದ್ದ ತಂತಿಯಲ್ಲಿ ಕರೆಂಟಿಲ್ಲವೆಂದು ಯಾರೂ ಭಾವಿಸಬಾರದು. ಒದ್ದೆ ನೆಲದ ಮೇಲೂ ವಿದ್ಯುತ್ತು ಹರಡುತ್ತದೆ. ಕೋಲಿನಿಂದ ಸರಿಸಲು ಹೋಗಬೇಡಿ. ದೂರದಲ್ಲೇ ಕಾವಲು ನಿಂತು ಮಕ್ಕಳನ್ನು ತಡೆದು 1912ಕ್ಕೆ ಫೋನು ಮಾಡಿ. ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಮಾತು: ಷಟರ್ ಎಳೆದು ಒಳಗೆ ಜನರೇಟರ್ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಇಷ್ಟು ಮಾಡಿದರೆ ಅರ್ಧ ಕೆಲಸವಾಯಿತು. ಉಳಿದರ್ಧವನ್ನು ಒಬ್ಬರೇ ಮಾಡಲಾಗದು.

ಕರೆಂಟು ಹೋದರೆ ಕತ್ತಲೆ ಮಾತ್ರವೇ ಬರುವುದೇ? ಗಿರಣಿ ನಿಂತು ಕೂಲಿಯೂ ಹೋಗುತ್ತದೆ. ವಿದ್ಯುತ್ ಅಭಾವದಿಂದ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್ ಎಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ತಂದ ತಿದ್ದುಪಡಿ ಹೇಳಿತು. ಆ ಸೂತ್ರ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. 50 ಅಥವಾ ಹೆಚ್ಚು ಕಾರ್ಮಿಕರಿರುವ, ವರ್ಷವಿಡೀ ನಡೆಯುವ ಕಾರ್ಖಾನೆಯಲ್ಲಿ ಒಂದು ವರ್ಷ ಸತತ ದುಡಿದು ಹಾಜರಿ ಪುಸ್ತಕದಲ್ಲಿ ಹೆಸರಿರುವವನಿಗೆ ಮೂಲವೇತನ, ತುಟ್ಟಿಭತ್ಯಗಳ ಅರ್ಧ ಸಲ್ಲಬೇಕು. ಆದರೆ ಬದಲಿ ಕಾರ್ಮಿಕನಿಗೆ ಇಲ್ಲ. ಹತ್ತಾರು ಜನರ ಅಕ್ಕಿ ಗಿರಣಿಯವನಿಗೆ, ಮಂಡಕ್ಕಿ ಭಟ್ಟಿಯ ಹೆಣ್ಣುಮಗಳಿಗೆ ಇಲ್ಲ. ಯಾರ ಮನೆಯಲ್ಲಿ ನಾಳೆಯ ಹಿಟ್ಟಿಲ್ಲವೋ ಅವರನ್ನೇ ಕಾನೂನು ಹೊರಗಿಟ್ಟಿದೆ! ಈ ಗೆರೆಯನ್ನು ಅಳಿಸಲು ಸಂಘ ಬೇಕು.

ವಿದ್ಯುತ್ ಕಂಪನಿಗಳು ಗೊತ್ತಾದ ಗುಣಮಟ್ಟದ ಸೇವೆ ಕೊಡದಿದ್ದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು 2003ರ ವಿದ್ಯುತ್ ಕಾಯಿದೆಯ 57ನೆಯ ಕಲಮು ವಿಧಿಸುತ್ತದೆ. ಗೊಣಗಿದರೆ ಪರಿಹಾರ ಸಿಕ್ಕದು. ದೂರಿನ ಸಂಖ್ಯೆ, ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದಿಡಬೇಕು. ಒಬ್ಬನ ದೂರು ಕಾಗದವಾಗಿ ಉಳಿಯಬಹುದು. ನಲವತ್ತು ಮನೆಯ ದೂರನ್ನು ಕಡತದಡಿ ಮುಚ್ಚಿಡುವುದು ಕಷ್ಟ.

ಆದುದರಿಂದ ಈ ವಾರವೇ ಪ್ರತಿ ಕೇರಿಯಲ್ಲಿ ಐದು ಜನರ ಸಮಿತಿಯಾಗಲಿ. ತಂತಿಗೆ ತಾಗುವ ಕೊಂಬೆಗಳನ್ನು, ವಾಲಿದ ಕಂಬಗಳನ್ನು ಪಟ್ಟಿಮಾಡಿ ಮಳೆಗೆ ಮುಂಚೆಯೇ ಅರ್ಜಿ ಕೊಡೋಣ. ಕೊಂಬೆಗೆ ನಾವೇ ಕೊಡಲಿ ಹಾಕುವುದು ಬೇಡ. ಒಂಟಿ ಮುದುಕಿ ಯಾವ ಮನೆಯಲ್ಲಿದ್ದಾಳೆ, ಬಾಣಂತಿ ಎಲ್ಲಿದ್ದಾಳೆ ಎಂಬುದು ಸಮಿತಿಗೆ ಗೊತ್ತಿರಲಿ. ಬೋಲ್ಟು ಕೊಳ್ಳಲಾರದವರ ಸೂರನ್ನು ಉಳಿದವರು ಕೂಡಿ ಬಿಗಿಯಲಿ.

ಗಾಳಿ ಬರುವುದನ್ನು ನಾವು ತಡೆಯಲಾರೆವು. ನಮ್ಮ ಕೇರಿಯಲ್ಲಿ ಯಾರೂ ಒಬ್ಬಂಟಿಯಾಗಿ ಅದನ್ನು ಎದುರಿಸದಂತೆ ನೋಡಿಕೊಳ್ಳಬಲ್ಲೆವು.